ಶುಶ್ರೂಷಾ ವಿದ್ಯೆಗೆ ಹೊರಟವರಿಗೆ

ತುಂಗಭದ್ರೆಯ ದಡದ ಆನೆಗೊಂದಿಯಂತಹ ಊರಿನಿಂದ ಮಗಳೋ ಮಗನೋ ಶುಶ್ರೂಷಾ ವಿದ್ಯೆಯನ್ನು ಕಲಿಯಲು ಹೊರಟಾಗ ಮನೆಯವರೆಲ್ಲರಿಗೂ ಅಳುಕು ಹುಟ್ಟುವುದು ಸಹಜ. ರಕ್ತವನ್ನು ಕಂಡು ತಲೆ ಸುತ್ತಿದರೆ? ಇಂಗ್ಲಿಷ್ ಪಾಠವು ತಿಳಿಯದಿದ್ದರೆ? ಮದ್ದು ತಪ್ಪಿದರೆ?

ಈ ಭಯವನ್ನು ನಾವು ದೋಷವೆಂದೆಣಿಸುವುದಿಲ್ಲ; ಅದು ಎಚ್ಚರವಾಗಿ ಮಾರ್ಪಟ್ಟರೆ ರೋಗಿಗೆ ಅದೇ ರಕ್ಷೆ. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಾಲೆಯು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದುದೇ ಈ ಕೆಲಸವು ಕಲಿತು ಬರುವಂಥದೆಂಬ ನಂಬಿಕೆಯಿಂದ. ಪದವಿಗೆ 4 ವರ್ಷ, ಡಿಪ್ಲೊಮಾಕ್ಕೆ 3 ವರ್ಷಗಳುಂಟು; ಮೊದಲ ತಿಂಗಳಲ್ಲಿಯೇ ಎಲ್ಲವೂ ಬರಬೇಕಾಗಿಲ್ಲ.

ಮೊದಲು ಕೈ ತೊಳೆಯುವುದನ್ನು ರೂಢಿಸಿಕೊಳ್ಳಿರಿ. ಸಾಬೂನಿನಿಂದ 40ರಿಂದ 60 ಸೆಕೆಂಡು ಬೇಕು. ಮದ್ದು ಕೊಡುವ ಮುನ್ನ ರೋಗಿ, ಮದ್ದು, ಪ್ರಮಾಣ, ಕೊಡುವ ಮಾರ್ಗ, ವೇಳೆ ಎಂಬ ಐದನ್ನೂ ಸರಿನೋಡಿರಿ. ತಲೆ ಸುತ್ತಿದರೆ ಹೇಳಿ ಕುಳಿತುಕೊಳ್ಳಿರಿ. ರೂಢಿಯಾದಂತೆ ಅನೇಕರಿಗೆ ಅದು ನೀಗುತ್ತದೆ. ಸಂದೇಹವಿದ್ದರೆ ಹಿರಿಯರನ್ನು ಕೇಳಿರಿ: ಕೇಳಿದರೆ ನಿಮಗೆ ಕ್ಷಣದ ನಾಚಿಕೆ, ಕೇಳದಿದ್ದರೆ ರೋಗಿಗೆ ಅಪಾಯ.

ಇಂಗ್ಲಿಷ್ ಪದಗಳನ್ನು ದಿನಕ್ಕೆ ಕೆಲವಾಗಿ ಕಲಿಯಿರಿ. ಆದರೆ ಗಂಗಾವತಿಯ ಸೀಮೆಯ ಮುದುಕಿಯೊಬ್ಬಳು ತನ್ನ ನೋವನ್ನು ಹೇಳಿಕೊಳ್ಳುವುದು ನಿಮ್ಮ ಮನೆಮಾತಿನಲ್ಲಿಯೇ. ಅದನ್ನು ಬಲ್ಲ ನೀವು ಬರಿಗೈಯಲ್ಲಿ ಹೋಗುತ್ತಿಲ್ಲ.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವೊಂದೇ: ಅಂಕಗಳನ್ನು ಕೇಳುವ ಮೊದಲು, ಉಂಡೆಯಾ, ನಿದ್ದೆ ಬಂತೇ ಎಂದು ಕೇಳಿರಿ.