ಟ್ರೇಲರ್ ಬೆವರುವುದೇ ಬೇರೆ, ಸೋರುವುದೇ ಬೇರೆ

ಒರೆಗಾನ್ ಕರಾವಳಿ, ನವೆಂಬರಿನ ಒಂದು ಬೆಳಿಗ್ಗೆ. ಟ್ರೇಲರಿನ ಹಾಸಿಗೆಯ ಮೂಲೆ ಎತ್ತಿ ನೋಡಿದರೆ ಕೆಳಗಿನ ಪ್ಲೈವುಡ್ ಒದ್ದೆ, ಗೋಡೆಗೆ ತಾಗಿದ ಅಂಚಿನುದ್ದಕ್ಕೂ ಕಪ್ಪು ಬೂಷ್ಟು. ಚಾವಣಿ ಸೋರುತ್ತಿದೆ ಎಂದೇ ನಂಬಿ, ಏಣಿ ಹತ್ತಿ, ಕಂಡ ಕಂಡ ಸಂದಿಗೆಲ್ಲ ಸಿಲಿಕೋನ್ ಮೆತ್ತಿದೆ. ಮುಂದಿನ ವಾರ ಒಂದು ಹನಿ ಮಳೆ ಬೀಳದ ರಾತ್ರಿ ಕಳೆದು ನೋಡಿದಾಗಲೂ ಅದೇ ಒದ್ದೆ.

ಒಳಗೆ ನೀರು ಕಂಡರೆ ಸೋರಿಕೆಯೇ ಎಂಬುದು ಮೊದಲ ತಪ್ಪು. ಇಬ್ಬರು ಎಂಟು ಗಂಟೆ ಮಲಗಿದರೆ ಉಸಿರು, ಬೆವರಿನಲ್ಲೇ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಅನ್ನ ಬೇಯಿಸಿದ ಹಬೆ, ನೇತುಹಾಕಿದ ಒದ್ದೆ ಜಾಕೆಟ್ಟು ಬೇರೆ. 20 ಡಿಗ್ರಿ ಸೆಲ್ಸಿಯಸ್ ಗಾಳಿ ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಕೂಡ ಇಲ್ಲ. ಹಾಗಾಗಿ ಬೆಚ್ಚನೆಯ ಗಾಳಿ ತಣ್ಣನೆಯ ಗಾಜಿಗೋ ಅಲ್ಯೂಮಿನಿಯಂ ಚೌಕಟ್ಟಿಗೋ ಹಾಸಿಗೆಯಡಿಯ ಹಲಗೆಗೋ ತಾಗಿದಾಗ ಹೆಚ್ಚಿನದ್ದು ಹನಿಯಾಗುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಒದ್ದೆಯಾದರೆ ಲೋಟ ತೂತಾಗಿದೆ ಎಂದು ಯಾರೂ ಹೇಳುವುದಿಲ್ಲವಲ್ಲ.

ಹೊರಗೆ ಮಳೆಯಿದ್ದಾಗ ಕಿಟಕಿ, ವೆಂಟ್ ತೆರೆಯಬಾರದು ಎಂಬ ನಂಬಿಕೆ ನನ್ನಲ್ಲೂ ಗಟ್ಟಿಯಾಗಿತ್ತು. ಅದರ ಬೇರು ಮಲೆನಾಡಿನಲ್ಲಿದೆ. ಆಷಾಢದ ಮಳೆಯಲ್ಲಿ ಮನೆಯ ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಉಷ್ಣತೆ, ಗಾಳಿಯಲ್ಲಿ ತುಂಬಿದ ತೇವ. ಕಿಟಕಿ ತೆಗೆದರೆ ಏನೂ ಒಣಗದು, ಬಚ್ಚಲ ಒಲೆಯ ಮೇಲೆ ಬಟ್ಟೆ ಹರವುವುದೇ ದಾರಿ. ಅಲ್ಲಿ ಅದು ಸರಿಯಾದ ತಿಳಿವಳಿಕೆ. ಚಳಿನಾಡಿನಲ್ಲಿ ಲೆಕ್ಕ ತಿರುಗುತ್ತದೆ. ಸೊನ್ನೆ ಡಿಗ್ರಿಯ ಗಾಳಿ ಪೂರ್ತಿ ತೇವ ತುಂಬಿಕೊಂಡೇ ಒಳಬಂದರೂ 20 ಡಿಗ್ರಿಗೆ ಕಾಯಿಸಿದಾಗ ಅದರ ಸಾಪೇಕ್ಷ ಆರ್ದ್ರತೆ ಶೇ. 26ರ ಆಸುಪಾಸಿಗೆ ಇಳಿಯುತ್ತದೆ. ಒಂದು ಕಿಟಕಿಯನ್ನು ಬೆರಳಗಲ ತೆರೆದು ಚಾವಣಿಯ ಫ್ಯಾನ್ ಮೆಲ್ಲಗೆ ಓಡಿಸಿದರೆ ಒಳಗಿನ ತೇವ ಹೊರಹೋಗುತ್ತದೆ. ಹಾಸಿಗೆಯಡಿ ಮರದ ಪಟ್ಟಿಗಳನ್ನು ಬಿಡಿಬಿಡಿಯಾಗಿ ಹಾಕಿ ಗಾಳಿಯಾಡುವಂತೆ ಮಾಡಬೇಕು.

ಯಾವುದೇ ಹೀಟರ್ ಹಾಕಿದರೂ ಒಣಗುತ್ತದೆ ಎನ್ನುವವರು ಗಮನಿಸಬೇಕು. ಟ್ರೇಲರಿನ ಜೊತೆಗೇ ಬರುವ ಫರ್ನೇಸಿನ ಹೊಗೆ ಹೊರಗೆ ಹೋಗುತ್ತದೆ, ಅದು ನಿಜಕ್ಕೂ ಒಣಗಿಸುತ್ತದೆ. ಒಳಗೇ ಉರಿಯುವ ಪ್ರೊಪೇನ್ ಹೀಟರ್ ಹಾಗಲ್ಲ: ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಗ್ಯಾಸ್ ಒಲೆ ಹಚ್ಚಿ ಚಳಿ ಕಾಯಿಸುವುದಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಎಬ್ಬಿಸದೆ ಕೊಲ್ಲುತ್ತದೆ.

ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಮುಚ್ಚಿದ ಕಪಾಟಿಗೆ ಸಾಕು, ಜನ ಮಲಗುವ ಕೋಣೆಗಲ್ಲ.

ಇನ್ನು ನಿಜವಾದ ಸೋರಿಕೆ. ಅದು ಚಳಿಯನ್ನಲ್ಲ, ಮಳೆಯನ್ನು ಹಿಂಬಾಲಿಸಿ ಬರುತ್ತದೆ. ಕಂದು ಅಂಚಿನ ಕಲೆ, ಹೆಬ್ಬೆರಳಿನಿಂದ ಒತ್ತಿದರೆ ಕುಸಿಯುವ ಮರ, ಗುಳ್ಳೆಯೆದ್ದ ಹೊರಗೋಡೆ ಅದರ ಗುರುತು. ಆದರೆ ಕಲೆ ಇದ್ದಲ್ಲೇ ತೂತು ಇರಬೇಕೆಂದಿಲ್ಲ. ನೀರು ಚೌಕಟ್ಟಿನ ಗುಂಟ, ವೈರಿನ ಗುಂಟ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ.

ಸಿಲಿಕೋನ್ ಮೆತ್ತಿದರೆ ಮುಗಿಯಿತು ಎಂಬುದೂ ಸುಳ್ಳು. ರಬ್ಬರ್ ಚಾವಣಿಗೆ ಅದು ಸರಿಯಾಗಿ ಕಚ್ಚುವುದಿಲ್ಲ. ಮುಂದೆ ಅದರ ಮೇಲೆ ಬೇರೆ ಯಾವ ಸೀಲಂಟೂ ಅಂಟುವುದಿಲ್ಲ. ವೆಂಟಿನ ಅಂಚಿನ ಕೆಳಗೆ ಬ್ಯೂಟೈಲ್ ಟೇಪ್, ಮೇಲೆ ತಾನೇ ಹರಡಿಕೊಳ್ಳುವ ಲ್ಯಾಪ್ ಸೀಲಂಟ್ ಬೇಕು. ನಾನು ಮೆತ್ತಿದ್ದನ್ನು ಪ್ಲಾಸ್ಟಿಕ್ ಉಳಿಯಿಂದ ಕೆರೆದು ತೆಗೆಯಲು ಎರಡು ದಿನ ಹಿಡಿಯಿತು. ಆಮೇಲೆ ಕಿಟಕಿ ಬಾಗಿಲು ಮುಚ್ಚಿ, ಚಾವಣಿ ವೆಂಟಿನಿಂದ ಫ್ಯಾನ್ ಹಚ್ಚಿ ಒಳಕ್ಕೆ ಗಾಳಿ ತುಂಬಿ, ಹೊರಗಿನ ಸಂದುಗಳಿಗೆ ಸೋಪಿನ ನೀರು ಸವರಿದೆ. ಚಾವಣಿಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಮುಂಭಾಗದ ಮಾರ್ಕರ್ ದೀಪದ ಬುಡದಲ್ಲಿ ಮಾತ್ರ ಬಟಾಣಿಯಷ್ಟು ದಪ್ಪದ ಗುಳ್ಳೆಗಳು ಒಂದರ ಹಿಂದೊಂದು ಉಬ್ಬಿ ಒಡೆಯುತ್ತಿದ್ದವು.