ಕಂಪ್ಯೂಟರ್‌ನಲ್ಲಿ ಬೇಡದ ಸಾಫ್ಟ್‌ವೇರ್ ಸೇರಿಕೊಂಡಿದೆಯೇ? ‘ಕ್ಲೀನರ್’ ಹಾಕುವ ಮುನ್ನ ಇದನ್ನು ಓದಿ

ಸಾರಾಂಶ

ಮನೆಯ ಕಂಪ್ಯೂಟರ್‌ನಲ್ಲಿ ಬೇಡದ ಸಾಫ್ಟ್‌ವೇರ್ ಸೇರಿಕೊಂಡರೆ ‘ಈ ಕ್ಲೀನರ್ ಹಾಕಿ’, ‘ಈ ಫೈಲ್ ಅಳಿಸಿ’, ‘ಈ ನಂಬರ್‌ಗೆ ಕರೆ ಮಾಡಿ’, ‘ಫಾರ್ಮ್ಯಾಟ್ ಒಂದೇ ದಾರಿ’ ಎಂಬ ಸಲಹೆಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಇವುಗಳನ್ನು ಒಂದೊಂದಾಗಿ ಪರಿಶೀಲಿಸಿದ್ದೇವೆ. ಕೆಲವು ಪೂರ್ತಿ ತಪ್ಪು, ಕೆಲವು ಅರ್ಧಸತ್ಯ. ಹೆಚ್ಚಿನ ಸಂದರ್ಭಗಳಲ್ಲಿ ವಿಂಡೋಸ್‌ನಲ್ಲಿ ಮೊದಲೇ ಇರುವ ಸಾಧನಗಳೇ ಸಾಕು, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಪ್ರಶ್ನೆ ಏನು?

‘ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಮೂಲೆಯಲ್ಲಿ ವೈರಸ್ ಇದೆ ಎಂಬ ಎಚ್ಚರಿಕೆ ಬರುತ್ತದೆ. ಗೂಗಲ್ ತೆರೆಯಲು ಹೋದರೆ ಬೇರೆ ಯಾವುದೋ ಪುಟ ತೆರೆದುಕೊಳ್ಳುತ್ತದೆ. ಏನು ಮಾಡುವುದು?’ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಮನೆಗಳಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಅಲ್ಲಿ ಸಾಮಾನ್ಯವಾಗಿ ಮನೆಗೆಲ್ಲ ಒಂದೇ ಕಂಪ್ಯೂಟರ್. ಮಗಳು ಅದರಲ್ಲೇ ಸರ್ಕಾರಿ ಕೆಲಸಕ್ಕೆ ಅರ್ಜಿ ತುಂಬುತ್ತಾಳೆ, ಅಪ್ಪ ಅದರಲ್ಲೇ ಅಂಗಡಿ ಲೆಕ್ಕ ಬರೆಯುತ್ತಾರೆ, ಬ್ಯಾಂಕ್ ಪಾಸ್‌ವರ್ಡ್ ಅದರಲ್ಲೇ ಉಳಿದಿರುತ್ತದೆ, ಹತ್ತು ವರ್ಷದ ಫೋಟೋಗಳೂ ಅದರಲ್ಲೇ ಇರುತ್ತವೆ. ತಪ್ಪು ಸಲಹೆಯೊಂದನ್ನು ನಂಬಿದರೆ ಇವೆಲ್ಲವೂ ಒಟ್ಟಿಗೆ ಅಪಾಯಕ್ಕೆ ಸಿಲುಕುತ್ತವೆ.

ಬೇಡದ ಸಾಫ್ಟ್‌ವೇರ್ ಒಳಗೆ ಬರುವುದು ಹೇಗೆ?

ಬಹಳಷ್ಟು ಸಲ ಅದನ್ನು ಒಳಗೆ ಬಿಟ್ಟುಕೊಳ್ಳುವುದು ನಾವೇ. ಉಚಿತ ಸಾಫ್ಟ್‌ವೇರ್ ಇಳಿಸಿಕೊಳ್ಳುವಾಗ ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಎಂದು ಒತ್ತುತ್ತಾ ಹೋಗುತ್ತೇವೆ. ನಡುವೆ ಎಲ್ಲೋ ಒಂದು ಚಿಕ್ಕ ಚೌಕದಲ್ಲಿ ಮೊದಲೇ ಟಿಕ್ ಹಾಕಿರುತ್ತದೆ. ಅದನ್ನು ತೆಗೆಯದಿದ್ದರೆ ಇನ್ನೆರಡು ಪ್ರೋಗ್ರಾಂಗಳು ಜೊತೆಗೇ ಬರುತ್ತವೆ. ಇದರ ಹಿಂದೆ ದುಡ್ಡಿನ ಲೆಕ್ಕವಿದೆ. ಹೀಗೆ ಜೊತೆಗೆ ಸೇರಿಸಿದ ಪ್ರತಿ ಪ್ರೋಗ್ರಾಂಗೂ ಸೇರಿಸಿದವರಿಗೆ ಹಣ ಸಿಗುತ್ತದೆ. 2016ರಲ್ಲಿ ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಈ ವ್ಯವಹಾರವನ್ನು ಅಧ್ಯಯನ ಮಾಡಿದಾಗ, ಇಂಥ ಸಾಫ್ಟ್‌ವೇರ್ ಇಳಿಸುವ ವಾರಕ್ಕೆ 6 ಕೋಟಿಗೂ ಹೆಚ್ಚು ಪ್ರಯತ್ನಗಳಿಗೆ ಗೂಗಲ್ ಎಚ್ಚರಿಕೆ ತೋರಿಸುತ್ತಿತ್ತು.

ನಮ್ಮ ಕಡೆಗೆ ಹತ್ತಿರದ ಉದಾಹರಣೆ ಎಂದರೆ ಕನ್ನಡ ಟೈಪಿಂಗ್. ಕನ್ನಡ ಗಣಕ ಪರಿಷತ್ತು ಅಭಿವೃದ್ಧಿಪಡಿಸಿದ ‘ನುಡಿ’ ಉಚಿತ ತಂತ್ರಾಂಶ. ಆದರೆ ಜನಪ್ರಿಯ ತಂತ್ರಾಂಶವೊಂದರ ಹೆಸರು ಹಾಕಿ ಹುಡುಕಿದಾಗ ಅದಕ್ಕೆ ಸಂಬಂಧವೇ ಇಲ್ಲದ ಡೌನ್‌ಲೋಡ್ ತಾಣಗಳೂ ಸಿಗುತ್ತವೆ. ಅಂಥ ಪುಟಗಳಲ್ಲಿ ಕಾಣುವ ದೊಡ್ಡ ಹಸಿರು ‘ಡೌನ್‌ಲೋಡ್’ ಗುಂಡಿ ಎಷ್ಟೋ ಸಲ ಬರೀ ಜಾಹೀರಾತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲದ ಬಾಯಲ್ಲಿರುವ ಮೆಣಸಿನಕಾಯಿಯ ಬಣ್ಣ ನೋಡಿಯೇ ಯಾರೂ ದರ ಹೇಳುವುದಿಲ್ಲ, ಒಳಗೆ ಕೈ ಹಾಕಿ ನೋಡುತ್ತಾರೆ. ಡೌನ್‌ಲೋಡ್ ಗುಂಡಿಗೂ ಅದೇ ನಿಯಮ ಇರಲಿ. ಯಾರ ತಾಣ, ಯಾವ ವಿಳಾಸ ಎಂದು ನೋಡಿಯೇ ಒತ್ತಿ. ಬರೀ ಯೂನಿಕೋಡ್ ಕನ್ನಡ ಟೈಪ್ ಮಾಡಲು ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ವಿಂಡೋಸ್ 10 ಮತ್ತು 11ರ ಭಾಷಾ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಕೀಬೋರ್ಡ್ ಬರುತ್ತದೆ.

ಎರಡನೆಯ ದಾರಿ ‘ಕ್ರ್ಯಾಕ್’. ಫೋಟೋ ಆಲ್ಬಂ, ಲಗ್ನಪತ್ರಿಕೆ ವಿನ್ಯಾಸ ಮಾಡುವ ದುಬಾರಿ ಸಾಫ್ಟ್‌ವೇರ್‌ಗಳ ಕದ್ದ ಪ್ರತಿ ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಸಾಗುತ್ತದೆ. ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಅದರ ಜೊತೆಗಿದ್ದರೆ, ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆಯಿರಿ ಎಂದಂತೆ.

ಹೇಳಿಕೆ 1: ‘ಡೆಸ್ಕ್‌ಟಾಪ್‌ನಲ್ಲಿರುವ ಐಕಾನ್ ಡಿಲೀಟ್ ಮಾಡಿದರೆ ಸಾಫ್ಟ್‌ವೇರ್ ಹೋಗುತ್ತದೆ’

ತಪ್ಪು. ಐಕಾನ್ ಬರೀ ದಾರಿ ತೋರಿಸುವ ಫಲಕ. ಫಲಕ ಕಿತ್ತರೆ ಮನೆ ಬೀಳುವುದಿಲ್ಲ.

ಹೇಳಿಕೆ 2: ‘ಈ ಹೆಸರಿನ ಫೈಲ್ ಇದ್ದರೆ ಅದು ವೈರಸ್, ತಕ್ಷಣ ಅಳಿಸಿ, ಎಲ್ಲರಿಗೂ ತಿಳಿಸಿ’

ಈ ಫಾರ್ವರ್ಡ್‌ಗೆ ವಾಟ್ಸಾಪ್‌ಗಿಂತ ಹೆಚ್ಚು ವಯಸ್ಸಾಗಿದೆ. 2002ರಲ್ಲಿ ಇಮೇಲ್‌ಗಳಲ್ಲಿ ಒಂದು ಸಂದೇಶ ಜಗತ್ತೆಲ್ಲ ಸುತ್ತಿತು. ‘ನಿಮ್ಮ ಕಂಪ್ಯೂಟರ್‌ನಲ್ಲಿ ಕರಡಿಮರಿಯ ಚಿತ್ರವಿರುವ ಒಂದು ಫೈಲ್ ಇದೆ. ಅದು ವೈರಸ್. ಅಳಿಸಿ, ನಿಮ್ಮ ಪರಿಚಿತರಿಗೆಲ್ಲ ತಿಳಿಸಿ’ ಎಂಬುದು ಅದರ ಸಾರ. ಜನ ಹುಡುಕಿದರು, ಕರಡಿಮರಿ ಸಿಕ್ಕಿತು, ನಂಬಿ ಅಳಿಸಿದರು. ಆದರೆ ಅದು ಮೈಕ್ರೋಸಾಫ್ಟ್‌ನದೇ ಫೈಲ್, ಅನೇಕ ಕಂಪ್ಯೂಟರ್‌ಗಳಲ್ಲಿ ಮೊದಲಿನಿಂದಲೂ ಇದ್ದದ್ದು. ಅದಕ್ಕೂ ಒಂದು ವರ್ಷ ಮೊದಲು, 2001ರಲ್ಲಿ, ವಿಂಡೋಸ್ 98ರ ಇನ್ನೊಂದು ಅಸಲಿ ಫೈಲ್‌ಗೂ ಇದೇ ಗತಿಯಾಗಿತ್ತು. ಇಲ್ಲಿ ವೈರಸ್ ಎಂಬುದೇ ಇರಲಿಲ್ಲ. ಹರಡಿದ್ದು ಸಂದೇಶ, ಹರಡಿಸಿದ್ದು ಒಳ್ಳೆಯ ಮನಸ್ಸಿನ ಜನ.

ಸಂದೇಶವೊಂದು ವಿಂಡೋಸ್ ಫೋಲ್ಡರ್‌ನ ಒಳಗೆ ಹೋಗಿ ಫೈಲ್ ಅಳಿಸಲು ಹೇಳಿದರೆ ಮಾಡಬೇಡಿ, ಮುಂದಕ್ಕೂ ಕಳಿಸಬೇಡಿ.

ಹೇಳಿಕೆ 3: ‘ಈ ಕ್ಲೀನರ್ ಹಾಕಿದರೆ ಎಲ್ಲ ಸ್ವಚ್ಛ’

ಅರ್ಧಸತ್ಯ. ಅಸಲಿ ಸಾಧನಗಳು ಇವೆ. ಆದರೆ ಪಾಪ್‌ಅಪ್‌ನಲ್ಲಿ ತಾನಾಗಿ ಬಂದು ನೂರಾರು ದೋಷ ತೋರಿಸಿ, ಸರಿಪಡಿಸಲು ಹಣ ಕೇಳುವ ಕ್ಲೀನರ್ ಎಷ್ಟೋ ಸಲ ತಾನೇ ಬೇಡದ ಸಾಫ್ಟ್‌ವೇರ್ ಆಗಿರುತ್ತದೆ.

ಹೆಸರುವಾಸಿಯಾದ ಸಾಧನವೂ ಹುಷಾರಾಗಿ ಬಳಸಬೇಕಾದದ್ದೇ. 2017ರ ಆಗಸ್ಟ್‌ನಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಸಾಫ್ಟ್‌ವೇರ್‌ನ 5.33ನೇ ಆವೃತ್ತಿಯೊಳಗೆ ದಾಳಿಕೋರರು ಗುಟ್ಟಾಗಿ ದುಷ್ಟ ಕೋಡ್ ಸೇರಿಸಿದ್ದರು. ಸುಮಾರು 22.7 ಲಕ್ಷ ಬಳಕೆದಾರರಿಗೆ ಅದು ತಲುಪಿತ್ತು. ಕಂಪನಿ ಅದನ್ನು ಸೆಪ್ಟೆಂಬರ್‌ನಲ್ಲಿ ಸರಿಪಡಿಸಿತು.

ಹಾಗಾದರೆ ಸರ್ಕಾರದ ಹೆಸರಿನಲ್ಲಿ ಬರುವ ‘ಬಾಟ್ ರಿಮೂವಲ್ ಟೂಲ್’ ಸಂದೇಶವೂ ಮೋಸವೇ? ಅಲ್ಲ, ಅದರ ಹಿಂದಿನ ಸಂಸ್ಥೆ ನಿಜ. ‘ಸೈಬರ್ ಸ್ವಚ್ಛತಾ ಕೇಂದ್ರ’ವನ್ನು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ನಡೆಸುತ್ತದೆ. 2017ರ ಫೆಬ್ರವರಿಯಲ್ಲಿ ಆರಂಭವಾದ ಈ ಕೇಂದ್ರ ಉಚಿತ ಸಾಧನಗಳನ್ನು ಕೊಡುತ್ತದೆ. ಆದರೆ ಇದೇ ಹೆಸರಿನಲ್ಲಿ ನಕಲಿ ಲಿಂಕ್ ಕಳಿಸುವುದೂ ಸುಲಭ. ಆದ್ದರಿಂದ ಫಾರ್ವರ್ಡ್‌ನ ಲಿಂಕ್ ಒತ್ತದೆ, ಬ್ರೌಸರ್‌ನಲ್ಲಿ ನೀವೇ ‘ಸಿಎಸ್‌ಕೆ ಡಾಟ್ ಗವ್ ಡಾಟ್ ಇನ್’ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹೋಗಿ.

ಹೇಳಿಕೆ 4: ‘ಪರದೆಯ ಮೇಲೆ ಬಂದ ಮೈಕ್ರೋಸಾಫ್ಟ್ ನಂಬರ್‌ಗೆ ಕರೆ ಮಾಡಿ’

ಪೂರ್ತಿ ತಪ್ಪು, ಎಲ್ಲಕ್ಕಿಂತ ಅಪಾಯಕಾರಿ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಕರೆ ಮಾಡಿದರೆ ಆ ಕಡೆಯವರು ನಿಮ್ಮ ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸುತ್ತಾರೆ. ಆಮೇಲೆ ನಿಮ್ಮ ಮೌಸ್ ಅವರ ಕೈಯಲ್ಲಿ. ಇಂಥ ಜಾಲಗಳ ಮೇಲೆ ಸಿಬಿಐ 2023ರ ಅಕ್ಟೋಬರ್‌ನಲ್ಲಿ ‘ಆಪರೇಷನ್ ಚಕ್ರ-2’ ನಡೆಸಿ, ಕರ್ನಾಟಕವೂ ಸೇರಿ ಹಲವು ರಾಜ್ಯಗಳ 76 ಕಡೆ ಶೋಧ ಮಾಡಿತ್ತು. ತಮ್ಮ ಹೆಸರು ಬಳಸಿ ಮೋಸ ನಡೆಯುತ್ತಿದೆ ಎಂದು ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ದೂರು ಕೊಟ್ಟಿದ್ದವು.

ಪರದೆ ತುಂಬಾ ಎಚ್ಚರಿಕೆ ಬಂದು, ಮುಚ್ಚಲೂ ಆಗದಿದ್ದರೆ ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ತೆರೆದ ಪಟ್ಟಿಯಲ್ಲಿ ಬ್ರೌಸರನ್ನು ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಹೆಚ್ಚಿನ ಸಂದರ್ಭಗಳಲ್ಲಿ ಅದು ಬರೀ ಒಂದು ವೆಬ್ ಪುಟ, ಕಂಪ್ಯೂಟರ್‌ಗೆ ಏನೂ ಆಗಿರುವುದಿಲ್ಲ.

ಹೇಳಿಕೆ 5: ‘ಫಾರ್ಮ್ಯಾಟ್ ಮಾಡುವುದೊಂದೇ ದಾರಿ’

ಅರ್ಧಸತ್ಯ. ಫೈಲ್‌ಗಳು ಲಾಕ್ ಆಗಿದ್ದರೆ, ಕ್ರ್ಯಾಕ್ ಹಾಕಿದ ಮೇಲೆ ಪಾಸ್‌ವರ್ಡ್ ಕಳುವಾಗಿದ್ದರೆ, ಅಥವಾ ಮುಂದೆ ಹೇಳುವ ಹಂತಗಳಿಂದ ಪ್ರಯೋಜನವಾಗದಿದ್ದರೆ ಮಾತ್ರ ಅದು ಸರಿಯಾದ ಆಯ್ಕೆ. ಆದರೆ ಫಾರ್ಮ್ಯಾಟ್ ಮಾಡಿದ ಮೇಲೂ ಕಾಟ ಮರಳಬಹುದು. ಹಳೆಯ ಸೆಟಪ್ ಫೈಲ್‌ಗಳನ್ನೂ ಬ್ಯಾಕಪ್ ಮಾಡಿ ಮತ್ತೆ ಹಾಕಿಕೊಂಡರೆ, ಅಂಗಡಿಯಲ್ಲಿ ಕದ್ದ ವಿಂಡೋಸ್ ಹಾಕಿಸಿಕೊಂಡರೆ, ಅಥವಾ ಕ್ರೋಮ್‌ನಲ್ಲಿ ಸಿಂಕ್ ಆನ್ ಆಗಿದ್ದು ಹಳೆಯ ಎಕ್ಸ್‌ಟೆನ್ಶನ್ ಖಾತೆಯ ಜೊತೆಗೇ ಇಳಿದು ಬಂದರೆ ಹೀಗಾಗುತ್ತದೆ. ಬ್ಯಾಕಪ್‌ನಲ್ಲಿ ಫೋಟೋ, ದಾಖಲೆ ಮಾತ್ರ ಇರಲಿ.

ಹಾಗಾದರೆ ತೆಗೆಯುವುದು ಹೇಗೆ?

ಈ ಕ್ರಮದಲ್ಲೇ ಮಾಡಿ. ಮೊದಲು ಮುಖ್ಯ ಫೋಟೋ, ದಾಖಲೆಗಳನ್ನು ಬೇರೆ ಕಡೆ ಪ್ರತಿ ಮಾಡಿಕೊಳ್ಳಿ.

1. ಪ್ರೋಗ್ರಾಂ ತೆಗೆಯಿರಿ. ‘ಸೆಟ್ಟಿಂಗ್ಸ್’ನಲ್ಲಿ ‘ಆ್ಯಪ್ಸ್’, ಅಲ್ಲಿ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ತೆರೆಯಿರಿ. ವಿಂಡೋಸ್ 10ರಲ್ಲಿ ಇದರ ಹೆಸರು ‘ಆ್ಯಪ್ಸ್ ಆ್ಯಂಡ್ ಫೀಚರ್ಸ್’. ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನದ ಆಸುಪಾಸಿನಲ್ಲಿ ಬಂದ, ನೀವು ಹಾಕದ ಪ್ರೋಗ್ರಾಂ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಹೆಸರು ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ತೆಗೆಯಬೇಡಿ. ಪ್ರಿಂಟರ್, ಸೌಂಡ್ ಕೆಲಸ ಮಾಡಲು ಬೇಕಾದವೂ ಅಲ್ಲೇ ಇರುತ್ತವೆ.

2. ಬ್ರೌಸರ್ ನೋಡಿ. ನೀವು ಹಾಕದ ಎಕ್ಸ್‌ಟೆನ್ಶನ್‌ಗಳನ್ನು ತೆಗೆಯಿರಿ. ಮೂಲೆಯಲ್ಲಿ ಬರುವ ‘ವೈರಸ್’ ಎಚ್ಚರಿಕೆ ಎಷ್ಟೋ ಸಲ ಯಾವುದೋ ತಾಣಕ್ಕೆ ನೀವೇ ಒತ್ತಿದ ‘ಅಲೋ’ದ ಫಲ. ಕ್ರೋಮ್‌ನ ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ‘ನೋಟಿಫಿಕೇಶನ್ಸ್’ ತೆರೆದು ಆ ತಾಣವನ್ನು ತೆಗೆದುಹಾಕಿ. ಇಷ್ಟಕ್ಕೂ ಸರಿಯಾಗದಿದ್ದರೆ ‘ರೀಸೆಟ್ ಸೆಟ್ಟಿಂಗ್ಸ್’ ಕೊಡಿ. ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಅಳಿಸಿ ಹೋಗುವುದಿಲ್ಲ.

3. ಸ್ಕ್ಯಾನ್ ಮಾಡಿ. ‘ವಿಂಡೋಸ್ ಸೆಕ್ಯುರಿಟಿ’ಯಲ್ಲಿ ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’, ಅಲ್ಲಿ ‘ಸ್ಕ್ಯಾನ್ ಆಪ್ಷನ್ಸ್’ಗೆ ಹೋಗಿ ಪೂರ್ತಿ ಸ್ಕ್ಯಾನ್ ಮಾಡಿ. ಹೋಗದೆ ಹಟ ಹಿಡಿದದ್ದಕ್ಕೆ ಅಲ್ಲೇ ‘ಆಫ್‌ಲೈನ್ ಸ್ಕ್ಯಾನ್’ ಇದೆ. ಕಂಪ್ಯೂಟರ್ ಮರುಚಾಲನೆಯಾಗಿ, ವಿಂಡೋಸ್ ತೆರೆಯುವ ಮುನ್ನವೇ ಹುಡುಕುತ್ತದೆ. ಸುಮಾರು 15 ನಿಮಿಷ ಬೇಕು.

4. ಮತ್ತೆ ಬರದಂತೆ ತಡೆಯಿರಿ. ವಿಂಡೋಸ್ ಸೆಕ್ಯುರಿಟಿಯ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ನಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಇದೆ, ಆನ್ ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಏಕೆ ಸ್ಕ್ಯಾನ್?

ಲೆನೊವೊ ಕಂಪನಿ 2014ರಲ್ಲಿ ಮಾರಿದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತು ಸಾಫ್ಟ್‌ವೇರ್ ಮೊದಲೇ ಇತ್ತು. 2015ರ ಫೆಬ್ರವರಿಯಲ್ಲಿ ವಿಷಯ ದೊಡ್ಡದಾದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಪ್ರೋಗ್ರಾಂ ತೆಗೆದರೂ ಅದು ಸೇರಿಸಿದ್ದ ಭದ್ರತಾ ಪ್ರಮಾಣಪತ್ರ ಕಂಪ್ಯೂಟರ್‌ನಲ್ಲೇ ಉಳಿಯುತ್ತಿತ್ತು, ಬ್ಯಾಂಕ್ ತಾಣದ ಬೀಗವನ್ನೂ ನಕಲು ಮಾಡಲು ಅದು ಸಾಕಾಗಿತ್ತು. ಕೊನೆಗೆ ಕಂಪನಿಯೇ ಎರಡನ್ನೂ ತೆಗೆಯುವ ಸಾಧನ ಕೊಟ್ಟಿತು. ಕಳೆಯನ್ನು ಮೇಲೆ ಕೊಯ್ದರೆ ಸಾಲದು, ಬೇರು ಉಳಿದಿದೆಯೇ ಎಂದೂ ನೋಡಬೇಕು.

ಈಗಾಗಲೇ ಮೋಸ ಹೋಗಿದ್ದರೆ?

ನಂಬರ್‌ಗೆ ಕರೆ ಮಾಡಿ ಕಂಪ್ಯೂಟರ್ ಒಪ್ಪಿಸಿಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಕಡಿತ ಮಾಡಿ. ಬೇರೆ ಸಾಧನದಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸಹಾಯವಾಣಿ 1930ಕ್ಕೂ ತಡಮಾಡದೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಹಾವೇರಿಯಲ್ಲಿ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇದೆ. ರಾಣೆಬೆನ್ನೂರು, ಬ್ಯಾಡಗಿಯವರು ತಮ್ಮ ಊರಿನ ಠಾಣೆಗೂ ಹೋಗಬಹುದು. ‘ಮಾನ ಹೋಗುತ್ತದೆ’ ಎಂದು ಮುಚ್ಚಿಟ್ಟರೆ ಅನುಕೂಲವಾಗುವುದು ಕಳ್ಳನಿಗೆ.

ನಮ್ಮ ತೀರ್ಮಾನ

ಬೇಡದ ಸಾಫ್ಟ್‌ವೇರ್ ತೆಗೆಯಲು ಹಣ ಕೊಡಬೇಕು, ಅಪರಿಚಿತರಿಗೆ ಕರೆ ಮಾಡಬೇಕು, ಒಳಗಿನ ಫೈಲ್ ಅಳಿಸಬೇಕು ಎಂಬ ಫಾರ್ವರ್ಡ್‌ಗಳು ದಾರಿ ತಪ್ಪಿಸುತ್ತವೆ. ಎಷ್ಟೋ ಸಲ ಕಾಯಿಲೆಗಿಂತ ಔಷಧವೇ ಹೆಚ್ಚು ಕೆಡುಕು ಮಾಡುತ್ತದೆ. ಹೆದರಿಸಿ ಅವಸರ ಮಾಡಿಸುವ ಯಾವ ಎಚ್ಚರಿಕೆಯನ್ನೂ ಹತ್ತು ನಿಮಿಷ ಬಿಟ್ಟು ನೋಡಿ. ಫ್ಯಾಮಿಲಿ ಗ್ರೂಪ್‌ಗೆ ಏನಾದರೂ ಕಳಿಸಲೇಬೇಕು ಎನಿಸಿದರೆ, ಮೇಲಿನ ನಾಲ್ಕು ಹಂತಗಳನ್ನು ಕಳಿಸಿ.