ಅಧ್ಯಾಯ 4: ನೆನಪು ತೆರೆಯುವ ಪ್ರಶ್ನೆ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ಅಲ್ಲಿದ್ದವರು ನವನಗರದ ಸೆಕ್ಟರುಗಳಿಗೆ ಬಂದು ನೆಲೆಸಿದರು. ಆ ದಿನಗಳನ್ನು ಕಂಡುಂಡವರಿಗೆ ಈಗ ವಯಸ್ಸಾಗುತ್ತಿದೆ. ಅವರ ಮಾತನ್ನು ಮುದ್ರಿಸಿಕೊಳ್ಳಲು ಕೈಯಲ್ಲಿರುವ ಮೊಬೈಲ್ ಸಾಕು. ಆದರೆ ಆ ಮುದ್ರಿಕೆ ಬೆಲೆಯುಳ್ಳದ್ದಾಗಬೇಕಾದರೆ ಪ್ರಶ್ನೆಗಳು ಮೊದಲೇ ಸಿದ್ಧವಾಗಿರಬೇಕು.

ಕಡತದಲ್ಲಿರುವುದನ್ನು ಕೇಳಬೇಡಿ

ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಇಂಥ ವಿವರಗಳನ್ನು ಮೊದಲೇ ಓದಿಕೊಂಡು ಹೋಗಿ. ಹಿರಿಯರ ಹೊತ್ತನ್ನು ಅವರೊಬ್ಬರೇ ಹೇಳಬಲ್ಲ ಸಂಗತಿಗಳಿಗೆ ಮೀಸಲಿಡಿ: ಓಣಿಯ ನೆರೆಹೊರೆ, ಸಾಮಾನು ಕಟ್ಟಿದ ದಿನ, ಹೊಸ ಮನೆಯ ಮೊದಲ ರಾತ್ರಿ.

ಹೌದು, ಇಲ್ಲಗಳಿಗೆ ಮುಗಿಯದಿರಲಿ

‘ಊರು ಮುಳುಗಿದಾಗ ನಿಮಗೆ ದುಃಖವಾಯಿತೇ?’ ಎಂದರೆ ‘ಹೌದ್ರೀ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಉತ್ತರವನ್ನು ನೀವೇ ಬಾಯಿಗೆ ಇಟ್ಟಂತೆಯೂ ಆಗುತ್ತದೆ. ಅದರ ಬದಲು, ‘ಅಜ್ಜಾರ, ಹಳೇ ಮನಿ ಬಾಗಲಾ ತಗದ್ರ ಎದುರಿಗೆ ಏನ ಕಾಣತಿತ್ರೀ?’ ಎಂದು ಕೇಳಿ. ಕಣ್ಣಿಗೆ ಕಟ್ಟುವ ಜಾಗ ನೆನಪಾದರೆ ಅಲ್ಲಿದ್ದ ಜನ ನೆನಪಾಗುತ್ತಾರೆ, ದುಃಖವೂ ತಾನಾಗಿ ಮಾತಿಗೆ ಬರುತ್ತದೆ. ಪ್ರಶ್ನೆ ಅವರಾಡುವ ಮಾತಿನಲ್ಲೇ ಇರಲಿ. ‘ಪುನರ್ವಸತಿ ಪ್ರಕ್ರಿಯೆ’ ಎಂದರೆ ಕಚೇರಿಯ ಉತ್ತರ ಬಂದೀತು; ‘ಮುಳುಗಡೆ’ ಎಂದರೆ ಬದುಕಿನ ಉತ್ತರ ಬರುತ್ತದೆ.

ಕೆಲಸದ ಹೆಜ್ಜೆಗಳನ್ನು ಹಿಡಿಯಿರಿ

ಇಳಕಲ್ಲಿನ ಸೀರೆಯ ಮೈ ಮತ್ತು ಸೆರಗಿನ ಹಾಸು ಬೇರೆ ಬೇರೆ. ಎರಡನ್ನೂ ಎಳೆಗೆ ಎಳೆ ಸೇರಿಸುವುದೇ ಕೊಂಡಿ. ನೇಕಾರರನ್ನು ‘ನಿಮ್ಮ ಕಲೆಯ ಬಗ್ಗೆ ಹೇಳಿ’ ಎಂದು ಕೇಳಿದರೆ ಅವರು ಸಂಕೋಚದಿಂದ ಎರಡು ಮಾತಿಗೆ ನಿಲ್ಲಿಸಬಹುದು. ‘ಕೊಂಡಿ ಹಾಕೂದು ಯಾರು ಕಲಿಸಿದ್ರು? ಮೊದಲ ಸಲ ಎಳಿ ತಪ್ಪಿದಾಗ ಏನಂದ್ರು?’ ಎಂದರೆ ಗುರು, ಮನೆ, ಬಡತನ ಎಲ್ಲವೂ ಕಥೆಯಾಗುತ್ತವೆ. ನೂಲು ಸುತ್ತಿಕೊಡುವ ಹೆಂಗಸರನ್ನು ಬೇರೆಯಾಗಿಯೇ ಮಾತನಾಡಿಸಿ. ಗಂಡಸರು ಜೊತೆಗಿದ್ದರೆ ಹೆಂಗಸರ ಮಾತು ಹಿಂದೆ ಸರಿಯುವುದುಂಟು.

ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬೀಡುಬಿಡುತ್ತವೆ. ಅಲ್ಲಿ ಬಣ್ಣ ಹಚ್ಚಿದ ಕಲಾವಿದೆಯನ್ನು ‘ಪರದೆ ಏಳೂದಕ್ಕ ಒಂದು ತಾಸು ಮೊದಲ ಏನೇನು ಮಾಡ್ತಿದ್ರಿ?’ ಎಂದು ಕೇಳಿ. ಹುನಗುಂದದ ಕಲ್ಲುಗಣಿಯಲ್ಲಿ ದುಡಿದವರನ್ನು ಬೆಳಗಿನಿಂದ ಸಂಜೆಯವರೆಗಿನ ಒಂದು ದಿನ ಹೇಳಲು ಕೇಳಿ.

ಸರದಿ ಮತ್ತು ಸಮ್ಮತಿ

ಒಂದು ತಾಸಿಗೆ ಹತ್ತು ಹನ್ನೆರಡು ಪ್ರಶ್ನೆ ಸಾಕು. ಹುಟ್ಟೂರು, ಬಾಲ್ಯದಿಂದ ಶುರುಮಾಡಿ. ಪರಿಹಾರದ ಹಣ, ಸಾಲ, ಮನೆಯೊಳಗಿನ ಜಗಳ ಕೊನೆಗಿರಲಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಮುದ್ರಿಕೆಯ ಆರಂಭದಲ್ಲೇ ದಿನಾಂಕ, ಊರು, ಮಾತನಾಡುವವರ ಹೆಸರು ಹೇಳಿ. ಈ ಮಾತನ್ನು ಯಾವುದಕ್ಕೆ ಬಳಸುತ್ತೀರಿ ಎಂದು ತಿಳಿಸಿ ಅವರ ಒಪ್ಪಿಗೆಯನ್ನೂ ಮುದ್ರಿಸಿಕೊಳ್ಳಿ. ‘ಇದು ಬ್ಯಾಡ’ ಎಂದರೆ ತಕ್ಷಣ ನಿಲ್ಲಿಸಿ. ಮಗ್ಗ ನಡೆಯುತ್ತಿದ್ದರೆ ಆ ಸದ್ದನ್ನು ಬೇರೆಯಾಗಿ ಹಿಡಿದು, ಮಾತಿಗೆ ಒಳಕೋಣೆಯಲ್ಲಿ ಕೂರಿ.

ಅವರು ಸುಮ್ಮನಾದರೆ ಮುಂದಿನ ಪ್ರಶ್ನೆಗೆ ಅವಸರ ಬೇಡ, ನೆನಪು ಬರಲು ಹೊತ್ತು ಬೇಕು. ಮಾತು ಹೊಸ ದಾರಿ ಹಿಡಿದರೆ ನಿಮ್ಮ ಪಟ್ಟಿಯನ್ನು ಪಕ್ಕಕ್ಕಿಟ್ಟು ಅದರ ಹಿಂದೆ ಹೋಗಿ. ಬೆಲಾರೂಸಿನ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಸಾಮಾನ್ಯರ ಇಂಥ ಮಾತುಗಳನ್ನೇ ಮುದ್ರಿಸಿಕೊಂಡು ಪುಸ್ತಕ ಕಟ್ಟಿದರು. 2015ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಬಂತು.

ನಿಮ್ಮ ಮನೆಯಲ್ಲೂ ಓಣಿಯಲ್ಲೂ ಹೀಗೆ ಹೇಳಬಲ್ಲ ಹಿರಿಯರಿದ್ದಾರೆ. ಈ ವಾರವೇ ಒಬ್ಬರನ್ನು ಆರಿಸಿಕೊಳ್ಳಿ, ಹತ್ತು ಪ್ರಶ್ನೆ ಬರೆದುಕೊಳ್ಳಿ, ಹೋಗಿ ಕೇಳಿ.